ಗೋಕಾಕದ ಹಲ್ಲು, ಮಿಷಿಗನ್ನಿನ ಹೆಸರು

ಗೋಕಾಕ ಎಂದರೆ ಕರದಂಟು, ಗೋಕಾಕ ಎಂದರೆ ಫಾಲ್ಸ್. ನಮ್ಮ ಊರಿನ ಬಗ್ಗೆ ಯಾರು ಕೇಳಿದರೂ ಇಷ್ಟು ವರ್ಷ ನಾವು ಕೊಡುತ್ತ ಬಂದ ಉತ್ತರ ಇಷ್ಟೇ. ಮಸ್ಕತ್ತಿಗೆ ಬಂದು ಹದಿನೆಂಟು ವರ್ಷವಾಯಿತು. ರಜೆ ಮುಗಿಸಿ ಬರುವಾಗ ಆಸ್ಪತ್ರೆಯ ಫಾರ್ಮಸಿಯಲ್ಲಿ ಜೊತೆಗಿರುವ ಮಲಯಾಳಿ, ಫಿಲಿಪಿನೋ, ಒಮಾನಿ ಸ್ನೇಹಿತರಿಗೆ ಒಂದೊಂದು ಡಬ್ಬಿ ಕರದಂಟು ತಂದುಕೊಟ್ಟರೆ ಊರಿನ ಪರಿಚಯ ಮುಗಿದಂತೆ. ಕಳೆದ ಬೇಸಿಗೆಯಲ್ಲಿ ಅಮೆರಿಕದ ರಾಚೆಸ್ಟರ್ ಹಿಲ್ಸ್‌ನಲ್ಲಿರುವ ತಮ್ಮನ ಮನೆಗೆ ಹೋದಾಗ ಈ ಉತ್ತರ ಸಾಲದಾಯಿತು.

ರಾಚೆಸ್ಟರ್ ಹಿಲ್ಸ್ ಇರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್‌ನ ಉತ್ತರಕ್ಕೆ. ಸುತ್ತಮುತ್ತ ಕಾರು ಕಂಪನಿಗಳು, ಅವಕ್ಕೆ ಬಿಡಿಭಾಗ ಮಾಡಿಕೊಡುವ ಕಂಪನಿಗಳು. ಹಾಗಾಗಿ ನಮ್ಮ ಕಡೆಯ ಇಂಜಿನಿಯರುಗಳಿಗೂ ಅಲ್ಲಿ ಕೊರತೆಯಿಲ್ಲ. ತಮ್ಮನ ಮಗಳು ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿಕೊಂಡು ಮನೆತನದ ನಕಾಶೆ ಬರೆಯುತ್ತಿದ್ದಳು. ರಾಚೆಸ್ಟರ್ ಹಿಲ್ಸ್, ಮಸ್ಕತ್, ಗೋಕಾಕ ಎಂದು ಮೂರು ಚುಕ್ಕೆ ಇಟ್ಟು ಕೇಳಿದಳು.

“ದೊಡ್ಡಪ್ಪಾ, ಗೋಕಾಕ ಎಷ್ಟು ಹಳೇದ್ರಿ?”

“ಭಾಳ ಹಳೇದವ್ವಾ.”

“ಭಾಳ ಅಂದ್ರ ಎಷ್ಟು? ನಂಬರ್ ಹೇಳ್ರಿ.”

ನಂಬರ್ ನಮಗೆ ಗೊತ್ತಿರಲಿಲ್ಲ. ಆ ರಾತ್ರಿ ನಾವೂ ತಮ್ಮನೂ ಹುಡುಕುತ್ತ ಕುಳಿತೆವು. ರಾಜರು, ದೇಸಾಯರು, ಗಿರಣಿ, ಸೇತುವೆ ಎಲ್ಲ ಬಂದವು. ಅವೆಲ್ಲಕ್ಕಿಂತ ಹಿಂದೆ, ಬಹಳ ಹಿಂದೆ, ಗೋಕಾಕದ ನೆಲದಲ್ಲಿ ಸಿಕ್ಕ ಕೆಲವು ಹಲ್ಲುಗಳ ಸುದ್ದಿ ಇತ್ತು. ಅವುಗಳ ವಯಸ್ಸು ಸುಮಾರು 6.6 ಕೋಟಿ ವರ್ಷ. ಆ ಹಲ್ಲುಗಳಿಗೆ ಒಮ್ಮೆ ಇಟ್ಟ ಹೆಸರಿನ ಅರ್ಧಭಾಗವಂತೂ ತಮ್ಮನ ಮನೆಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಆ್ಯನ್ ಆರ್ಬರ್‌ನದು! ಅಲ್ಲಿಂದ ಶುರುವಾದ ಹುಡುಕಾಟವನ್ನೇ ಇಲ್ಲಿ ಬರೆದಿದ್ದೇವೆ.

ಜರಡಿಯಲ್ಲಿ ಸಿಕ್ಕ ಪ್ರಾಣಿ

ಬೆಳಗಾವಿ ಸೀಮೆಯಿಂದ ಉತ್ತರಕ್ಕೆ ಮಹಾರಾಷ್ಟ್ರ ದಾಟಿ ಮಧ್ಯಪ್ರದೇಶದವರೆಗೆ ಹಬ್ಬಿರುವ ಕರಿಕಲ್ಲಿನ ನೆಲ ಒಂದು ಕಾಲಕ್ಕೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾ. ನಮ್ಮ ಎರೆ ಹೊಲಗಳು ಬಹುಪಾಲು ಆ ಕಲ್ಲು ಸವೆದು ಆದ ಮಣ್ಣು. ಲಾವಾ ಒಂದೇ ಸಲಕ್ಕೆ ಬಂದು ನಿಲ್ಲಲಿಲ್ಲ. ಒಂದು ಉಕ್ಕು ಆರಿ ಇನ್ನೊಂದು ಬರುವ ನಡುವೆ ಬಹಳ ಕಾಲ ಬಿಡುವು ಇರುತ್ತಿತ್ತು. ಆ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಯಾಯಿತು; ಮೀನು, ಕಪ್ಪೆ, ಮೊಸಳೆ ಬಂದವು; ದಂಡೆಯಲ್ಲಿ ಗಿಡ ಬೆಳೆದವು. ಮುಂದಿನ ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಎರಡು ಲಾವಾ ಪದರಗಳ ನಡುವೆ ಹೀಗೆ ಸಿಕ್ಕಿಕೊಂಡ ಕೆರೆಯ ಕೆಸರಿಗೆ ಭೂವಿಜ್ಞಾನಿಗಳು ಇಂಟರ್‌ಟ್ರಾಪಿಯನ್ ಪದರ ಎನ್ನುತ್ತಾರೆ.

ಆ ಕಾಲದ ಭಾರತ ಏಷ್ಯಾಕ್ಕೆ ಇನ್ನೂ ಬಂದು ಕೂಡಿರಲಿಲ್ಲ. ಮಡಗಾಸ್ಕರ್‌ನಿಂದ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಬಿಡಿಸಿಕೊಂಡು, ಒಂಟಿ ನಡುಗಡ್ಡೆಯಾಗಿ ಉತ್ತರಕ್ಕೆ ಸಾಗುತ್ತಿತ್ತು. ಅದರ ಮೇಲೆ ದೈನೋಸಾರ್‌ಗಳು ಓಡಾಡುತ್ತಿದ್ದವು. ಅವುಗಳ ಕಾಲ ಕೆಳಗೆ ನಮ್ಮಂತೆ ಮರಿಗೆ ಹಾಲೂಡುವ ವರ್ಗದ ಸಣ್ಣ ಪ್ರಾಣಿಗಳೂ ಇದ್ದವೇ? ಈ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ನಮ್ಮ ನೆರೆಯ ತೆಲಂಗಾಣದ ನಾಸ್ಕಲ್ ಎಂಬ ಹಳ್ಳಿಯಲ್ಲಿ. 1988ರಲ್ಲಿ ಗುಂಟುಪಲ್ಲಿ ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅಲ್ಲಿನ ಪುಟ್ಟ ಹಲ್ಲುಗಳನ್ನು ವರ್ಣಿಸಿ ಆ ಪ್ರಾಣಿಗೆ ಡೆಕ್ಕನೊಲೆಸ್ಟಿಸ್ ಎಂದು ಹೆಸರಿಟ್ಟರು. ಭಾರತದಲ್ಲಿ ಕ್ರಿಟೇಷಿಯಸ್ ಯುಗದ ಸಸ್ತನಿ ಸಿಕ್ಕಿದ್ದು ಅದೇ ಮೊದಲು.

ಇಂಥ ಹಲ್ಲು ಹುಡುಕುವ ವಿಧಾನ ಓದಿದಾಗ ನಮಗೆ ಡಿಪ್ಲೊಮಾದ ದಿನಗಳು ನೆನಪಾದವು. ಪುಡಿ ಕುಟ್ಟಿ, ಇಷ್ಟು ನಂಬರಿನ ಜರಡಿ ಎಂದು ಲೆಕ್ಕ ಹಿಡಿದು ಸೋಸುತ್ತಿದ್ದೆವಲ್ಲ, ಇದೂ ಹಾಗೆಯೇ. ಕೆಸರುಗಲ್ಲನ್ನು ಚೀಲಗಟ್ಟಲೆ ತಂದು, ನೀರಿನಲ್ಲಿ ನೆನೆಸಿ ಕರಗಿಸಿ, ಸಣ್ಣ ಜರಡಿಗಳಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಕಣವಾಗಿ ಆರಿಸಬೇಕು. ಕ್ವಿಂಟಲ್‌ಗಟ್ಟಲೆ ಮಣ್ಣಿಗೆ ಒಂದೆರಡು ಹಲ್ಲು ಸಿಕ್ಕರೆ ಪುಣ್ಯ. ನಾಸ್ಕಲ್‌ನಲ್ಲಿ 1989ರಲ್ಲಿ ಸಿಕ್ಕ ಒಂದು ಹಲ್ಲು ಯಾವ ಪ್ರಾಣಿಯದೆಂದು ವರ್ಷಗಟ್ಟಲೆ ಗೊತ್ತಾಗಲಿಲ್ಲ. ಮಡಗಾಸ್ಕರ್‌ನಲ್ಲಿ ಅದರ ಜೋಡಿಯಂಥದ್ದು ಸಿಕ್ಕ ಮೇಲೆ, 1997ರಲ್ಲಿ, ಎರಡನ್ನೂ ಒಟ್ಟಿಗೆ ಲೋಕಕ್ಕೆ ತಿಳಿಸಿದರು. ಅದು ಗೊಂಡ್ವಾನಥೀರ್ ಎಂಬ ಗುಂಪಿನ ಪ್ರಾಣಿ. ಅಲ್ಲಿಯವರೆಗೆ ಆ ಗುಂಪು ಅರ್ಜೆಂಟೀನಾದಲ್ಲಿ ಮಾತ್ರ ಇತ್ತೆಂದು ತಿಳಿದಿದ್ದರು. ದಕ್ಷಿಣದ ಖಂಡಗಳೆಲ್ಲ ಒಂದೇ ಮನೆಯಾಗಿದ್ದವು ಎಂಬುದಕ್ಕೆ ಈ ಹಲ್ಲುಗಳೂ ಸಾಕ್ಷಿಯಾದವು.

ಮುಂದೆ ಅದೇ ಗುಂಪಿನ ಹಲ್ಲುಗಳು ಗೋಕಾಕದ ಪದರದಲ್ಲೂ ಸಿಕ್ಕವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ದಾಸ್ ಶರ್ಮಾ, ಅನಂತರಾಮನ್ ಮತ್ತು ಅಮೆರಿಕದ ಗ್ರೆಗೊರಿ ವಿಲ್ಸನ್ ಸೇರಿ 2007ರಲ್ಲಿ ಅವನ್ನು ವರ್ಣಿಸಿದರು. ಗೋಕಾಕದವು ಮೂರು, ನಾಸ್ಕಲ್‌ನವು ಮೂರು. ದಫ್ತರದಲ್ಲಿ ಗೋಕಾಕದ ಹಲ್ಲುಗಳ ನಂಬರಿನ ಮುಂದೆ ಜಿ ಅಕ್ಷರ, ನಾಸ್ಕಲ್‌ನವಕ್ಕೆ ಎನ್. ಇವಲ್ಲದೆ ಗೋಕಾಕದಲ್ಲಿ ಇನ್ನೂ ಮೂರು ಚಿಕ್ಕ ಹಲ್ಲುಗಳು ಸಿಕ್ಕಿದ್ದವು; ಅವು ಬೇರೆ ಜಾತಿಯವಿರಬಹುದು ಎಂದು ಬರೆದರು. ಪ್ರಾಣಿಗೆ ಇಟ್ಟ ಹೆಸರು ದಕ್ಷಿಣಾ ಜೆಡೆರಿ. ದಕ್ಷಿಣಾ ಎಂದರೆ ನಮ್ಮ ದಕ್ಷಿಣವೇ. ಜೆಡೆರಿ ಮಾತ್ರ ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದ ಜೆಫ್ರಿ ವಿಲ್ಸನ್ ಅವರ ನೆನಪಿಗೆ. ಆ ಹಲ್ಲುಗಳು ಸಿಕ್ಕ ಯೋಜನೆಯಲ್ಲಿ ಅವರ ಪಾಲು ದೊಡ್ಡದು, ಅವರ ಅಡ್ಡಹೆಸರು ಜೆಡರ್.

ಆದರೆ ಅದೇ 2007ರಲ್ಲಿ ಪ್ರಸಾದ್ ಅವರ ತಂಡವೂ ಅದೇ ಪ್ರಾಣಿಗೆ ಭಾರತ್‌ಥೀರಿಯಂ ಬೊನಪಾರ್ಟೈ ಎಂದು ಹೆಸರಿಟ್ಟಿತ್ತು. ಎರಡು ಹೆಸರು ಬಂದಾಗ ಮೊದಲು ಅಚ್ಚಾದದ್ದು ನಿಲ್ಲಬೇಕು ಎಂಬುದು ನಿಯಮ. ಭಾರತ್‌ಥೀರಿಯಂ ಮೊದಲು ಅಚ್ಚಾಗಿತ್ತು, ಅದೇ ನಿಂತಿತು. ದಕ್ಷಿಣಾ ಎಂಬ ಹೆಸರು ಪುಸ್ತಕದ ಅಡಿಟಿಪ್ಪಣಿಗೆ ಸೇರಿತು. ನಿಯಮ ಸರಿಯೇ. ಆದರೂ ನಮ್ಮ ಊರಿನ ಹಲ್ಲಿನ ಹೆಸರು ಹೋಯಿತಲ್ಲ ಎಂದು ಆ ರಾತ್ರಿ ಇಬ್ಬರಿಗೂ ಸ್ವಲ್ಪ ಬೇಜಾರಾಯಿತು ಎಂದು ಒಪ್ಪಿಕೊಳ್ಳುತ್ತೇವೆ.

ಹಲ್ಲಿನ ಎತ್ತರ 6ರಿಂದ 8.5 ಮಿಲಿಮೀಟರ್. ಎತ್ತರವಾದ, ಬಾಗಿದ, ಸವೆತ ತಡೆಯುವ ಹಲ್ಲು. ದನ, ಕುದುರೆಗಳಂತೆ ಹುಲ್ಲು ಮೇಯುವ ಪ್ರಾಣಿಗೆ ಇಂಥ ಹಲ್ಲು ಬೇಕು. ದೈನೋಸಾರ್ ಕಾಲದಲ್ಲಿ ಹುಲ್ಲೆಲ್ಲಿತ್ತು ಎಂದು ಕೇಳಬಹುದು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ, ಕಲ್ಲಾದ ದೈನೋಸಾರ್ ಲದ್ದಿಯಲ್ಲಿ ಹುಲ್ಲಿನ ಕಣಗಳಿದ್ದವೆಂದು 2005ರಲ್ಲಿ ಗೊತ್ತಾಗಿದೆ.

ಬುರುಡೆ ಸಿಕ್ಕಿದ್ದು ಕಡಲಾಚೆ

ಹಲ್ಲು ಸಿಕ್ಕಿತು, ಪ್ರಾಣಿ ಹೇಗಿತ್ತು? ಹಲ್ಲಿನಿಂದ ಊಟ ತಿಳಿಯಬಹುದು; ಕಣ್ಣು, ಕಿವಿ, ಮೂಗು, ಮಿದುಳು ತಿಳಿಯಬೇಕಾದರೆ ತಲೆಬುರುಡೆ ಬೇಕು. ಗೋಕಾಕದಲ್ಲಿ ಬುರುಡೆ ಸಿಗಲಿಲ್ಲ. ಬೇರೆಲ್ಲೂ ಸಿಕ್ಕಿರಲಿಲ್ಲ. 2010ರಲ್ಲಿ ಜೋಸೆಫ್ ಸರ್ಟಿಚ್ ಎಂಬುವರು ಮಡಗಾಸ್ಕರ್‌ನಿಂದ ಮೀನಿನ ಪಳೆಯುಳಿಕೆ ತುಂಬಿದ ಒಂದು ದೊಡ್ಡ ಮರಳುಗಲ್ಲು ತಂದರು. ಒಡೆಯುವ ಮೊದಲು ಒಳಗೇನಿದೆ ಎಂದು ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ ಸಿಟಿ ಸ್ಕ್ಯಾನ್ ಮಾಡಿದರು. ಪರದೆಯ ಮೇಲೆ ಮೀನುಗಳ ನಡುವೆ ಮೂಡಿದ್ದು ಒಂದು ಸಸ್ತನಿಯ ಇಡೀ ತಲೆಬುರುಡೆ! ಗೊಂಡ್ವಾನಥೀರ್ ಗುಂಪಿನ ಮೊದಲ ಬುರುಡೆ ಅದು. ತಿಂಗಳುಗಟ್ಟಲೆ ಕೆತ್ತಿ ಹೊರತೆಗೆದು, 2014ರಲ್ಲಿ ಡೇವಿಡ್ ಕ್ರೌಸ್ ಮತ್ತು ಸಂಗಡಿಗರು ಅದಕ್ಕೆ ವಿಂಟಾನಾ ಸರ್ಟಿಚಿ ಎಂದು ಹೆಸರಿಟ್ಟರು. ಮಡಗಾಸ್ಕರ್ ಭಾಷೆಯಲ್ಲಿ ವಿಂಟಾನಾ ಎಂದರೆ ಅದೃಷ್ಟ.

ಬುರುಡೆಯ ಉದ್ದ ಸುಮಾರು 5 ಅಂಗುಲ, ಪ್ರಾಣಿಯ ತೂಕ ಅಂದಾಜು 9 ಕಿಲೊ. ದೊಡ್ಡ ಕಣ್ಣು, ಚುರುಕಾದ ಮೂಗು, ಕೀರಲು ದನಿ ಕೇಳುವ ಕಿವಿ, ಕೆನ್ನೆಮೂಳೆಯಿಂದ ಕೆಳಕ್ಕೆ ಇಳಿಬಿದ್ದ ಅಗಲವಾದ ಎಲುಬು. ಇಷ್ಟನ್ನೂ ಹೇಳಿದ್ದು ಸಿಟಿ ಚಿತ್ರಗಳು. ಗೋಕಾಕದ ಪ್ರಾಣಿ ಇದರ ದೂರದ ಬಂಧು. ಸೋದರಸಂಬಂಧಿಯ ಮುಖ ನೋಡಿ ನಮ್ಮ ಮುತ್ತಜ್ಜನ ಮುಖ ಊಹಿಸಿದ ಹಾಗೆ, ಈಗ ಅದನ್ನು ವಿಂಟಾನಾ ನೋಡಿ ಊಹಿಸಬೇಕು.

ಡಿಪ್ಲೊಮಾ ಓದಿದವರ ಯಂತ್ರ

ಕಲ್ಲಿನೊಳಗಿನ ಬುರುಡೆಯನ್ನು ಒಡೆಯದೆ ನೋಡುವ ಈ ಯಂತ್ರ ಹುಟ್ಟಿದ್ದು ಕಲ್ಲಿಗಾಗಿ ಅಲ್ಲ, ರೋಗಿಗಾಗಿ. ನಮ್ಮ ಹಿರಿಯರು ಎಚ್‌ಎಂವಿ ರೆಕಾರ್ಡು ಹಾಕಿ ಹಾಡು ಕೇಳುತ್ತಿದ್ದರಲ್ಲ, ಅದರ ಒಡೆತನದ ಇಎಂಐ ಕಂಪನಿಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರ್ ಇದ್ದರು. ಅವರು 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ತಲೆಯನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿದರು. 1979ರಲ್ಲಿ ಅವರಿಗೂ, ಇದರ ಗಣಿತವನ್ನು ಮೊದಲೇ ಬಿಡಿಸಿಟ್ಟಿದ್ದ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಪ್ರಶಸ್ತಿ ಬಂತು. ಹೌನ್ಸ್‌ಫೀಲ್ಡ್ ಓದಿದ್ದು ಇಂಜಿನಿಯರಿಂಗ್ ಡಿಪ್ಲೊಮಾ. ಕೊಲ್ಲಿಯಲ್ಲಿ ಡಿಪ್ಲೊಮಾ ಎಂದ ಕೂಡಲೇ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವುದನ್ನು ಕಂಡುಂಡ ನಮ್ಮಂಥವರಿಗೆ ಇದನ್ನು ಓದಿ ಎದೆ ಸ್ವಲ್ಪ ಅಗಲವಾಯಿತು.

ಸಿಟಿ ಎಂದರೆ ಎಕ್ಸ್‌ರೇಯನ್ನು ಸುತ್ತಲಿನಿಂದ ಹಾಯಿಸಿ, ಎಲ್ಲಿ ಎಷ್ಟು ತಡೆಯಾಯಿತೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬ್ರೆಡ್ಡಿನ ಹೋಳುಗಳಂತೆ ಒಳಗಿನ ಚಿತ್ರ ಬಿಡಿಸುವುದು. ತಡೆಯ ಅಳತೆಗೆ ಹೌನ್ಸ್‌ಫೀಲ್ಡ್ ಹೆಸರೇ ಇದೆ: ನೀರು 0, ಗಾಳಿ ಮೈನಸ್ 1000, ಗಟ್ಟಿ ಎಲುಬು ಸಾವಿರದ ಆಸುಪಾಸು. ಆಸ್ಪತ್ರೆಯಲ್ಲಿ ರಕ್ತನಾಳ ಎದ್ದು ಕಾಣಲು ಅಯೋಡಿನ್ ಇರುವ ಔಷಧ ಕೊಡುತ್ತಾರೆ. ಅದಕ್ಕೂ ಮೊದಲು ಕಿಡ್ನಿಯ ವರದಿ ನೋಡುವುದು, ಸಕ್ಕರೆ ಕಾಯಿಲೆಯವರು ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳುವುದು ನಮ್ಮ ದಿನನಿತ್ಯದ ಕೆಲಸ.

ಆದರೆ ಸಿಟಿಯ ಬೆಲೆ ನಮಗೆ ತಿಳಿದದ್ದು ಕೆಲಸದಲ್ಲಲ್ಲ, ಮನೆಯಲ್ಲಿ. ಮೂರು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಆಗ ಏನೂ ಆಗಲಿಲ್ಲ. ಮೂರು ವಾರದ ಮೇಲೆ ತಲೆನೋವು, ಮಾತಿನಲ್ಲಿ ತೊದಲು, ನಮ್ಮ ಹೆಸರು ತಮ್ಮನಿಗೆ, ತಮ್ಮನ ಹೆಸರು ನಮಗೆ. ಬೆಳಗಾವಿಗೆ ಒಯ್ದು ಸಿಟಿ ಮಾಡಿಸಿದರು. ನಾವಿಬ್ಬರು ಮಕ್ಕಳು, ಒಬ್ಬರು ಮಸ್ಕತ್ತಿನಲ್ಲಿ, ಒಬ್ಬರು ಮಿಷಿಗನ್ನಿನಲ್ಲಿ, ನಡುವೆ ಎಂಟು ತಾಸಿನ ಅಂತರ, ಫೋನಿನ ಪರದೆಯಲ್ಲಿ ಅವ್ವನ ತಲೆಬುರುಡೆಯನ್ನು ಹೋಳು ಹೋಳಾಗಿ ನೋಡಿದೆವು. ಬುರುಡೆಗೂ ಮಿದುಳಿಗೂ ನಡುವೆ ರಕ್ತ ನಿಂತಿತ್ತು. ಸಣ್ಣ ತೂತು ಕೊರೆದು ತೆಗೆದರು. ಅವ್ವ ಈಗ ಆರಾಮಿದ್ದಾಳೆ. ಹೆಸರು ತಪ್ಪದೆ ಬೈಯುತ್ತಾಳೆ. ಒಡೆಯದೆ ಒಳಗೆ ನೋಡುವುದು ಎಂದರೇನು ಎಂದು ಅಂದು ನಮಗೆ ಅರ್ಥವಾಯಿತು.

ಪಳೆಯುಳಿಕೆಯ ಲೋಕದಲ್ಲೂ ಮೊದಲು ಒಡೆಯುವುದೇ ದಾರಿಯಾಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ವಿಲಿಯಂ ಸೊಲ್ಲಾಸ್ ಬುರುಡೆಯನ್ನು ಕೂದಲೆಳೆಯಷ್ಟೇ ಉಜ್ಜಿ, ಚಿತ್ರ ತೆಗೆದು, ಮತ್ತೆ ಉಜ್ಜುವ ವಿಧಾನ ತಂದರು. ಕೊನೆಗೆ ಚಿತ್ರಗಳು ಉಳಿಯುತ್ತಿದ್ದವು, ಬುರುಡೆ ಪುಡಿಯಾಗಿರುತ್ತಿತ್ತು. 1984ರಲ್ಲಿ ಗ್ಲೆನ್ ಕಾನ್ರಾಯ್ ಮತ್ತು ಮೈಕೆಲ್ ವ್ಯಾನಿಯರ್, ಕಲ್ಲು ತುಂಬಿದ ಬುರುಡೆಯನ್ನು ಸಿಟಿಯಲ್ಲಿ ಇಡಿಯಾಗಿ ನೋಡಬಹುದೆಂದು ತೋರಿಸಿದರು. ಕಲ್ಲಾದ ರೋಗಿಗೆ ಒಂದು ಕಷ್ಟ, ಒಂದು ಅನುಕೂಲ. ಎಲುಬೂ ಕಲ್ಲು, ಸುತ್ತಲಿನದೂ ಕಲ್ಲು, ಎರಡರ ತಡೆ ಹೆಚ್ಚುಕಡಿಮೆ ಒಂದೇ. ಬೇರೆ ಮಾಡಿ ತೋರಿಸಲು ಅಯೋಡಿನ್ ಚುಚ್ಚಲಾಗದು. ಅನುಕೂಲವೆಂದರೆ ಕಲ್ಲು ಅಲುಗಾಡುವುದಿಲ್ಲ, ವಿಕಿರಣಕ್ಕೆ ಹೆದರುವುದಿಲ್ಲ, ಗಂಟೆಗಟ್ಟಲೆ ಇಡಬಹುದು. ಸಣ್ಣ ಪಳೆಯುಳಿಕೆಗೆ ಮೈಕ್ರೋ ಸಿಟಿ ಬಂತು. ಅದರಲ್ಲಿ ಯಂತ್ರ ಸುತ್ತುವ ಬದಲು ವಸ್ತುವೇ ತಿರುಗುತ್ತದೆ, ಹೋಳಿನ ದಪ್ಪ ಮಿಲಿಮೀಟರಿನ ಸಾವಿರದ ಕೆಲವೇ ಭಾಗಕ್ಕೆ ಇಳಿಯುತ್ತದೆ.

ಬುರುಡೆ ಹೇಳುವ ಮಾತು

ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಹ್ಯಾಡ್ರೊಕೋಡಿಯಂ ಎಂಬ ಪ್ರಾಣಿಯ ಬುರುಡೆಯ ಉದ್ದ 12 ಮಿಲಿಮೀಟರ್, ಪ್ರಾಣಿಯ ತೂಕ ಸುಮಾರು 2 ಗ್ರಾಂ. ನಾಲ್ಕು ಪ್ಯಾರಸಿಟಮಾಲ್ ಮಾತ್ರೆಗಳಲ್ಲಿರುವ ಔಷಧದಷ್ಟೇ! ವಯಸ್ಸು ಸುಮಾರು 19.5 ಕೋಟಿ ವರ್ಷ. ಇದನ್ನು 2001ರಲ್ಲಿ ವರ್ಣಿಸಿದವರಲ್ಲಿ ಮುಖ್ಯರಾದ ಜೆ-ಶಿ ಲೂವೊ ನಂತರ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದರು. ನಮ್ಮ ನಡುಗಿವಿಯ ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಮೂಳೆಗಳು ಹಿಂದೆ ದವಡೆಯ ಕೀಲಾಗಿದ್ದವು ಎಂದು ಜರ್ಮನಿಯ ರೈಖರ್ಟ್ 1837ರಲ್ಲೇ ಭ್ರೂಣಗಳನ್ನು ನೋಡಿ ಹೇಳಿದ್ದರು. ದವಡೆಯನ್ನು ಬಿಟ್ಟು ಕಿವಿಗೆ ಸೇರಿದ ಆ ಬದಲಾವಣೆ ಈ ಪುಟ್ಟ ಬುರುಡೆಯಲ್ಲಿ ಕಾಣುತ್ತದೆ ಎಂದು 2001ರಲ್ಲಿ ವರ್ಣಿಸಿದವರು ಹೇಳಿದ್ದರು. 2011ರಲ್ಲಿ ತಿಮೋತಿ ರೋ, ಲೂವೊ ಮೊದಲಾದವರು ಇದನ್ನೂ ಮಾರ್ಗನುಕೋಡಾನ್ ಎಂಬ ಇನ್ನೊಂದರ ಬುರುಡೆಯನ್ನೂ ಸಿಟಿ ಮಾಡಿ ಮಿದುಳಿನ ಅಚ್ಚು ತೆಗೆದರು. ಸಸ್ತನಿಗಳ ಮಿದುಳು ಬೆಳೆದಾಗ ಮೊದಲು ಹಿಗ್ಗಿದ್ದು ಬುದ್ಧಿಯ ಭಾಗವಲ್ಲ, ವಾಸನೆ ಹಿಡಿಯುವ ಭಾಗ ಮತ್ತು ಮೈಕೂದಲಿನ ಸ್ಪರ್ಶ ತಿಳಿಯುವ ಭಾಗ ಎಂದು ಅವರ ತೀರ್ಮಾನ. ಕತ್ತಲಲ್ಲಿ ದೈನೋಸಾರ್‌ಗಳ ಕಣ್ಣು ತಪ್ಪಿಸಿ ಬದುಕುವವರಿಗೆ ಮೂಗೇ ಆಧಾರ ತಾನೆ?

ಇನ್ನೊಂದು ಕೆಲಸ ನಮ್ಮಂಥ ಔಷಧದವರಿಗೆ ಬಲು ಹಿಡಿಸುವಂಥದು. ಒಳಗಿವಿಯ ಸಣ್ಣ ಕೊಳವೆಗಳಲ್ಲಿರುವ ದ್ರವ ನಮಗೆ ಸಮತೋಲ ಕೊಡುತ್ತದೆ. ಸಿರಪ್ ಬಿಸಿಯಾದರೆ ತೆಳುವಾಗುವಂತೆ, ಮೈ ಬಿಸಿಯಾದರೆ ಈ ದ್ರವವೂ ತೆಳುವಾಗುತ್ತದೆ. ಆಗ ಕೊಳವೆಯ ಗಾತ್ರವೂ ಸಣ್ಣದಾದರೆ ಮಾತ್ರ ಕೆಲಸ ಸರಿ ನಡೆಯುತ್ತದೆ. ಹಾಗಾದರೆ ಪಳೆಯುಳಿಕೆಯ ಕೊಳವೆ ಅಳೆದು, ಪ್ರಾಣಿಯ ಮೈ ಬಿಸಿಯಿತ್ತೋ ತಣ್ಣಗಿತ್ತೋ ಹೇಳಬಹುದಲ್ಲ! ಷಿಕಾಗೋದ ಫೀಲ್ಡ್ ಮ್ಯೂಸಿಯಂನ ಕೆನೆತ್ ಆ್ಯಂಜಲ್‌ಚಿಕ್ ಕೂಡ ಇದ್ದ ತಂಡ 2022ರಲ್ಲಿ ಹೀಗೆಯೇ ಲೆಕ್ಕ ಹಾಕಿತು. ನಮ್ಮ ವಂಶದಲ್ಲಿ ಮೈ ಬಿಸಿಯಾದದ್ದು ಸುಮಾರು 23.3 ಕೋಟಿ ವರ್ಷಗಳ ಹಿಂದೆ ಎಂದು ಬಂತು.

ಕಾರಿನ ಊರಿನಲ್ಲಿ ಆನೆಮರಿ

ತಮ್ಮನಿಗೆ ಇದೆಲ್ಲ ಹೇಳಿದಾಗ ಅವನು ನಕ್ಕ. “ಅಣ್ಣಾ, ನಮ್ಮ ಕಡೆ ಎರಕದ ಪಾರ್ಟಿನೊಳಗ ಗಾಳಿಗುಳ್ಳೆ ಐತೇನು ಅಂತ ದಿನಾ ಸಿಟಿ ಮಾಡ್ತಾರ,” ಎಂದ. ಕಾರಿನ ಸಿಟಿಯಲ್ಲಿ ಪ್ರಾಣಿಯೂ ಮಲಗಿದ್ದುಂಟು. ಸೈಬೀರಿಯಾದ ಯಮಾಲ್‌ನಲ್ಲಿ 2007ರಲ್ಲಿ ಸಿಕ್ಕ, ಸುಮಾರು ಒಂದು ತಿಂಗಳ ವಯಸ್ಸಿಗೇ ಸತ್ತು ಹಿಮದಲ್ಲಿ ಕೆಡದೆ ಉಳಿದ ಲ್ಯೂಬಾ ಎಂಬ ಮ್ಯಾಮತ್ ಮರಿಯನ್ನು 2010ರಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಪ್ರದರ್ಶಿಸಿದ್ದರು. ಅದೇ ವರ್ಷ ಮಿಷಿಗನ್ ವಿಶ್ವವಿದ್ಯಾಲಯದ ಡೇನಿಯಲ್ ಫಿಷರ್ ಅದನ್ನು ಡೆಟ್ರಾಯಿಟ್ ಹತ್ತಿರದ ಲಿವೋನಿಯಾದಲ್ಲಿರುವ ಫೋರ್ಡ್ ಕಂಪನಿಯ ಪರೀಕ್ಷಾಲಯದಲ್ಲಿ ಇಡೀ ಮೈ ಸ್ಕ್ಯಾನ್ ಮಾಡಿಸಿದರು. ಮೂಗಿನಲ್ಲಿ, ಉಸಿರುನಾಳದಲ್ಲಿ ಕೆಸರು ತುಂಬಿತ್ತು; ಮರಿ ಕೆಸರಿನಲ್ಲಿ ಸಿಕ್ಕಿ ಉಸಿರುಗಟ್ಟಿ ಸತ್ತಿತ್ತು.

ಮರುದಿನ ಎಲ್ಲರೂ ಆ್ಯನ್ ಆರ್ಬರ್‌ಗೆ ಹೋದೆವು. ವಿಶ್ವವಿದ್ಯಾಲಯದ ಮ್ಯೂಸಿಯಂ 2019ರಿಂದ ಹೊಸ ಕಟ್ಟಡದಲ್ಲಿದೆ. ಒಳಗೆ ಹೋದರೆ ತಲೆಯ ಮೇಲೆ ಹಳೆಯ ತಿಮಿಂಗಿಲಗಳ ಅಸ್ಥಿಪಂಜರಗಳು ತೂಗುತ್ತವೆ. ಇಂಥ ತಿಮಿಂಗಿಲಗಳು ಈಜಿಪ್ಟಿನ ಮರಳುಗಾಡಿನ ವಾದಿ ಅಲ್ ಹಿತಾನ್‌ನಲ್ಲಿ ನೂರಾರು ಸಿಕ್ಕಿವೆ. ಅಲ್ಲಿ ದಶಕಗಟ್ಟಲೆ ದುಡಿದ ಫಿಲಿಪ್ ಗಿಂಗರಿಚ್ ಇದೇ ವಿಶ್ವವಿದ್ಯಾಲಯದವರು. ವಾದಿ ಎಂಬ ಮಾತು ಕಂಡು ನಮ್ಮ ಮಕ್ಕಳಿಗೆ ಮಸ್ಕತ್ ನೆನಪಾಯಿತು.

ಎಲ್ಲ ನೋಡಿದ ಮೇಲೆ ತಮ್ಮನ ಮಗಳು ಕೇಳಿದಳು.

“ನಮ್ಮ ಗೋಕಾಕದ ಹಲ್ಲು ಎಲ್ಲೈತ್ರಿ?”

“ಅದು ಇಲ್ಲಿಲ್ಲವ್ವಾ. ಭಾರತದಾಗನ ಐತಿ, ಸರ್ವೇಕ್ಷಣ ಸಂಸ್ಥೆಯವರ ಹತ್ರ. ಇಲ್ಲಿ ಐದದ್ದು ಹೆಸರಷ್ಟ.”

“ಮತ್ತ ಅದರ ಬುರುಡೆ?”

“ಇನ್ನೂ ಸಿಕ್ಕಿಲ್ಲ.”

“ಹಂಗಾರ ಅದು ಗೋಕಾಕದಾಗನ ಇರಬೇಕು,” ಎಂದಳು.

ಇದ್ದರೂ ಇರಬಹುದು. ಆ ಮಾತು ನಮ್ಮನ್ನು ಬಿಟ್ಟಿಲ್ಲ. ನಮ್ಮ ಕಡೆ ರಸ್ತೆ ಅಗಲವಾಗುತ್ತಿದೆ, ಕಲ್ಲು ಕ್ವಾರಿಗೆ ಹೋಗುತ್ತಿದೆ, ಹೊಲ ಸಮ ಮಾಡುತ್ತಿದ್ದಾರೆ. ಭೂಪರಂಪರೆಯ ನೆಲೆಗಳನ್ನು ಕಾಯಲು ಕೇಂದ್ರ ಸರ್ಕಾರ 2022ರಲ್ಲಿ ಒಂದು ಕರಡು ಮಸೂದೆ ಹೊರಡಿಸಿತ್ತು. ಆದರೆ ಕಾಯಬೇಕಾದದ್ದು ಏನೆಂದು ಊರಿನವರಿಗೆ ಗೊತ್ತಿಲ್ಲದಿದ್ದರೆ ಕಾನೂನು ಏನು ಮಾಡೀತು? ನಮಗೇ ಗೊತ್ತಿರಲಿಲ್ಲ. ಗೋಕಾಕದ ಶಾಲೆಯಲ್ಲಿ ಹತ್ತು ವರ್ಷ ಓದಿ, ಆ ಕಲ್ಲುಗಳ ಮೇಲೆ ಕುಳಿತು ಪರೀಕ್ಷೆಗೆ ಬಾಯಿಪಾಠ ಮಾಡಿದವರು ನಾವು. ನಮ್ಮೂರಿನ ಅತಿ ಹಳೆಯ ನಿವಾಸಿಯ ಹೆಸರು ತಿಳಿಯಲು ರಾಚೆಸ್ಟರ್ ಹಿಲ್ಸ್‌ಗೆ ಹೋಗಬೇಕಾಯಿತು.

ಮುಂದಿನ ರಜೆಗೆ ಅಣ್ಣತಮ್ಮಂದಿರು ಒಂದೇ ಸಮಯಕ್ಕೆ ಊರಿಗೆ ಹೋಗುವುದೆಂದು ಗೊತ್ತು ಮಾಡಿದ್ದೇವೆ. ಮಕ್ಕಳನ್ನು ಫಾಲ್ಸ್‌ಗೆ ಕರೆದುಕೊಂಡು ಹೋಗುತ್ತೇವೆ, ಕರದಂಟು ಕೊಡಿಸುತ್ತೇವೆ, ಆಮೇಲೆ ಕಲ್ಲಿನ ಪದರ ತೋರಿಸುತ್ತೇವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ನಮ್ಮ ಸಂಘದ ಸದಸ್ಯರಲ್ಲೂ ಒಂದು ಬಿನ್ನಹ. ಊರಿಗೆ ಹೋದಾಗ ಕರಿಕಲ್ಲಿನ ನಡುವೆ ಬೂದು ಬಣ್ಣದ ಕೆಸರಿನಂಥ ಪದರ ಕಂಡರೆ ಮಕ್ಕಳಿಗೆ ತೋರಿಸಿ. ಎಲುಬಿನಂಥದ್ದೇನಾದರೂ ಕಂಡರೆ ಕೀಳಬೇಡಿ, ಒಡೆಯಬೇಡಿ. ಜಾಗದ ಸಮೇತ ಫೋಟೊ ತೆಗೆದು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಸರ್ವೇಕ್ಷಣ ಸಂಸ್ಥೆಗೋ ತಿಳಿಸಿ. ಒಳಗೇನಿದೆ ಎಂದು ಒಡೆಯದೆ ನೋಡುವ ಯಂತ್ರ ಈಗ ಇದೆ.

ತಮ್ಮನ ಮಗಳು ತನ್ನ ನಕಾಶೆಯಲ್ಲಿ ಗೋಕಾಕದ ಚುಕ್ಕೆಯ ಪಕ್ಕ 6.6 ಕೋಟಿ ಎಂದು ಕನ್ನಡದಲ್ಲೇ ಬರೆದಿದ್ದಾಳೆ. ಅವ್ವನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದಾಗ ಅವ್ವ ಕನ್ನಡಕ ಏರಿಸಿ ನೋಡಿ, “ಅಷ್ಟು ಹಳೇ ಊರು, ಇನ್ನೂ ದಿನಾ ನಳ ಬರಂಗಿಲ್ಲ ನೋಡ್ರಿ,” ಎಂದಳು.